ಅಪ್ಪನ ಪಕ್ಕ ರಾತ್ರಿ ಕೂರಲು ಹೊರಗಿನವರನ್ನು ಕರೆಯಬಹುದಾ?

ಸಾಗರದ ಮಗಳು
ಎಲ್ಲರಿಗೂ ನಮಸ್ಕಾರ. ಅಪ್ಪನಿಗೆ 74 ವರ್ಷ. ಪ್ಯಾಂಕ್ರಿಯಾಸ್ ಕ್ಯಾನ್ಸರ್. ಹೋದ ತಿಂಗಳು ಡಾಕ್ಟರು "ಇನ್ನು ಮನೆಗೆ ಕರೆದುಕೊಂಡು ಹೋಗಿ, ನೋವಿಲ್ಲದ ಹಾಗೆ ನೋಡಿಕೊಳ್ಳೋಣ" ಎಂದರು. ಈಗ ಸಾಗರದ ಮನೆಯಲ್ಲಿದ್ದೇವೆ. ಮಾರ್ಫಿನ್ ಮಾತ್ರೆ ಇದೆ. ವಾರಕ್ಕೆ ಎರಡು ಸಲ ನರ್ಸ್ ಬಂದು ನೋಡುತ್ತಾರೆ. ತಮ್ಮ ದುಬೈಯಲ್ಲಿದ್ದಾನೆ. ಅಮ್ಮನಿಗೆ ಮಂಡಿ ನೋವು. ನಾನು ರಜೆ ಹಾಕಿ ಬಂದು ಐದು ವಾರ ಆಯಿತು.

ನಮ್ಮ ತೊಂದರೆ ಔಷಧಿಯದ್ದಲ್ಲ, ರಾತ್ರಿಯದ್ದು. ಅಪ್ಪ ಎರಡು ಗಂಟೆಗೆ ಎಚ್ಚರವಾಗಿ "ಯಾರಿದ್ದೀರಿ?" ಎನ್ನುತ್ತಾರೆ. ನೀರು ಬೇಕಾ ಅಂದರೆ ಬೇಡ. ನೋವಾ ಅಂದರೆ ಇಲ್ಲ. ಯಾರೋ ಇರಬೇಕು, ಅಷ್ಟೇ. ನಾನು ಮತ್ತು ಅಮ್ಮ ಸರದಿಯಲ್ಲಿ ಕೂರುತ್ತೇವೆ. ಮೊನ್ನೆ ಕೂತಲ್ಲೇ ನಿದ್ದೆ ಹೋದೆ. ಎದ್ದಾಗ ಅಪ್ಪ ಕೈ ಚಾಚಿಕೊಂಡೇ ಇದ್ದರು. ಅದು ನನ್ನ ಕಣ್ಣಿನಿಂದ ಹೋಗುತ್ತಿಲ್ಲ.

ನಮ್ಮ ಬೀದಿಯಲ್ಲಿ ಒಬ್ಬರು ನಿವೃತ್ತ ಮೇಷ್ಟ್ರು ಇದ್ದಾರೆ. ಹೆಂಡತಿ ತೀರಿಕೊಂಡ ಮೇಲೆ ಹೀಗೆ ಹಾಸಿಗೆ ಹಿಡಿದವರ ಮನೆಗೆ ಹೋಗಿ ಕೂರುತ್ತಾರೆ. ಪೇಪರ್ ಓದುತ್ತಾರೆ, ಇಲ್ಲಾ ಸುಮ್ನೆ ಇರುತ್ತಾರೆ. ದುಡ್ಡು ಮುಟ್ಟುವುದಿಲ್ಲ. ವಾರಕ್ಕೆ ಮೂರು ರಾತ್ರಿ ಬರುತ್ತೇನೆ ಎಂದರು. ದೊಡ್ಡಪ್ಪನಿಗೆ ಇದು ಸರಿಬರಲಿಲ್ಲ. "ಮಕ್ಕಳಿದ್ದೂ ಹೊರಗಿನವರನ್ನು ಕೂರಿಸುತ್ತೀರಾ? ಅವನು ಕಾಲಿಟ್ಟ ಮನೆಯಲ್ಲಿ ಯಾರು ಉಳಿದಿದ್ದಾರೆ?" ಎಂದುಬಿಟ್ಟರು. ಅಮ್ಮ ಹೆದರಿದ್ದಾರೆ. ಇಂಥ ಅನುಭವ ಯಾರಿಗಾದರೂ ಇದೆಯಾ?

ಗದಗಿನವ
ಅಕ್ಕಾ, ನಿಮ್ಮ ಕಷ್ಟ ಅರ್ಥವಾಗುತ್ತದೆ. ಆದರೆ ನಿಮ್ಮ ದೊಡ್ಡಪ್ಪ ಹೇಳಿದ್ದು ಪೂರ್ತಿ ತಪ್ಪಲ್ಲ. ಹೆತ್ತವರ ಕೊನೆಗಾಲ ಮಕ್ಕಳದ್ದು. ತಮ್ಮ ಬರಲಿ. ಅಣ್ಣತಮ್ಮಂದಿರ ಮಕ್ಕಳು ಯಾರೂ ಇಲ್ಲವಾ?

ಹಾಸನದ ಹೇಮಾ
ಗದಗಿನವರೇ, ಐದು ವಾರ ರಾತ್ರಿ ನಿದ್ದೆಗೆಟ್ಟು ನೋಡಿದ್ದೀರಾ ಯಾವತ್ತಾದರೂ?

ಗದಗಿನವ
ನೋಡಿದ್ದೇನೆ. ನಮ್ಮವ್ವನ ಹತ್ತಿರ ಮೂರು ತಿಂಗಳು ಕೂತಿದ್ದೇನೆ. ಅದಕ್ಕೇ ಹೇಳುತ್ತಿರುವುದು.

ಕರಾವಳಿ ನರ್ಸ್ ಅಕ್ಕ
ನಾನು ಉಪಶಮನ ಆರೈಕೆಯಲ್ಲಿ, ಅಂದರೆ ಗುಣವಾಗದವರ ನೋವು ಕಡಿಮೆ ಮಾಡುವ ಆರೈಕೆಯಲ್ಲಿ, 11 ವರ್ಷ ಕೆಲಸ ಮಾಡಿದ್ದೇನೆ. ಸಾಗರದ ತಂಗೀ, ಮೇಷ್ಟ್ರನ್ನು ಕರೆಸಿ. ಮೊದಲು ಇವತ್ತೇ ಕರೆಸಿ, ಉಳಿದದ್ದು ಆಮೇಲೆ ಮಾತಾಡೋಣ.

ನಾವು ನರ್ಸ್‌ಗಳು ಮನೆಗೆ ಬಂದರೆ ಮುಕ್ಕಾಲು ಗಂಟೆ ಇರುತ್ತೇವೆ. ಹುಣ್ಣು ನೋಡಬೇಕು, ಮಾತ್ರೆ ಲೆಕ್ಕ ಹಾಕಬೇಕು, ಮಲ ಹೋಗಿದೆಯಾ ಕೇಳಬೇಕು, ಮುಂದಿನ ಮನೆಗೆ ಓಡಬೇಕು. ಕೈ ಹಿಡಿದು ಕೂರಲು ನಮಗೆ ಹೊತ್ತೇ ಇರುವುದಿಲ್ಲ. ದಿನದ ಉಳಿದ 23 ಗಂಟೆ ಮನೆಯವರದ್ದೇ. ಆ ಗಂಟೆಗಳಲ್ಲಿ ಬೇಕಾಗುವುದು ಜಾಸ್ತಿ ಪಾಲು ಮನುಷ್ಯರು, ಔಷಧಿ ಅಲ್ಲ.

ಅವರು ಕಾಲಿಟ್ಟ ಮನೆಯಲ್ಲಿ ಯಾರೂ ಉಳಿಯುವುದಿಲ್ಲ ಅನ್ನುವ ಮಾತು ನನಗೂ ಬಂದಿದೆ. ಉಳಿಯದವರ ಮನೆಗೇ ತಾನೇ ನಾವು ಹೋಗುವುದು? ಅಮ್ಮನಿಗೆ ಹೀಗೆಯೇ ಬಿಡಿಸಿ ಹೇಳಿ.

ಒಂದು ಗೆರೆ ಮಾತ್ರ ಮೊದಲೇ ಎಳೆದುಕೊಳ್ಳಿ. ಮಾರ್ಫಿನ್ ಕೊಡುವುದು ನೀವು ಅಥವಾ ಅಮ್ಮ. ಮೇಷ್ಟ್ರು ಕೊಡಬಾರದು. ನಾಲ್ಕು ಗಂಟೆಗೊಮ್ಮೆಯ ಮಾತ್ರೆಯಾದರೆ ಹೊತ್ತು ಬರೆದು ಗೋಡೆಗೆ ಅಂಟಿಸಿ. ಆ ಹೊತ್ತಿಗೆ ಅವರು ನಿಮ್ಮನ್ನು ಎಬ್ಬಿಸಲಿ. ಹೊಸ ನೋವು, ಉಸಿರು ಕಟ್ಟುವುದು, ರಕ್ತ, ಏನೇ ಕಂಡರೂ ಅವರ ಕೆಲಸ ನಿಮ್ಮನ್ನು ಕರೆಯುವುದು. ಅಷ್ಟೇ.

ಕುಂಬಳೆಯವ
ನಾನು ಕಾಸರಗೋಡಿನ ಕನ್ನಡಿಗ. ನಮ್ಮಲ್ಲಿ ಇದು ಯಾರಿಗೂ ವಿಚಿತ್ರ ಅನ್ನಿಸುವುದಿಲ್ಲ. ಪಂಚಾಯಿತಿಗೊಂದು ಪಾಲಿಯೇಟಿವ್ (ಉಪಶಮನ ಆರೈಕೆಯ) ತಂಡ ಇದೆ. ನರ್ಸ್ ಜೀಪಿನಲ್ಲಿ ಬರುವಾಗ ಜೊತೆಗೆ ಊರಿನವರೂ ಇರುತ್ತಾರೆ. ರಿಕ್ಷಾ ಓಡಿಸುವವರು, ಅಂಗಡಿಯವರು, ಕಾಲೇಜು ಮಕ್ಕಳು.

ಇದು ಶುರುವಾದದ್ದು 1993ರಲ್ಲಿ, ಕೋಯಿಕ್ಕೋಡಿನ ಮೆಡಿಕಲ್ ಕಾಲೇಜಿನಲ್ಲಿ. ಡಾ. ಎಂ.ಆರ್. ರಾಜಗೋಪಾಲ್ ಮತ್ತು ಡಾ. ಸುರೇಶ್ ಕುಮಾರ್ ನೋವಿನ ಚಿಕಿತ್ಸೆಗೆಂದು ಒಂದು ಸೊಸೈಟಿ ಕಟ್ಟಿದರು. ಡಾಕ್ಟರುಗಳು ಇಷ್ಟು ಜನರನ್ನು ಮುಟ್ಟಲು ಆಗುವುದಿಲ್ಲ ಎಂದು ಬೇಗ ಗೊತ್ತಾಯಿತು. ಆಮೇಲೆ ಊರವರಿಗೇ ತರಬೇತಿ ಕೊಟ್ಟು, ಅಕ್ಕಪಕ್ಕದವರ ಜಾಲ ಮಾಡಿದರು. ಮಲಪ್ಪುರಂ ಕಡೆ ಅದು ಬೆಳೆದ ರೀತಿ ನೋಡಬೇಕು. 2008ರಲ್ಲಿ ಕೇರಳ ಸರ್ಕಾರ ಇದಕ್ಕೆಂದೇ ನೀತಿ ತಂದಿತು. ಭಾರತದಲ್ಲಿ ಮೊದಲು.

ನಾನೂ ಹೋಗುತ್ತೇನೆ. ಕೆಲವು ದಿನ ತರಗತಿ ಇತ್ತು. ಆಮೇಲೆ ನರ್ಸ್ ಜೊತೆ ಮನೆಮನೆ ಸುತ್ತಿದೆ. ಮೊದಲು ಕಲಿಸಿದ್ದು ಏನು ಗೊತ್ತಾ? ಒಳಗೆ ಹೋದ ಕೂಡಲೇ ನಿಲ್ಲಬೇಡ, ಕೂತುಕೋ. ನಿಂತವನು ಹೊರಡುವವನ ಹಾಗೆ ಕಾಣುತ್ತಾನೆ.

ಹಾಸನದ ಹೇಮಾ
ಆ ಕೊನೆಯ ಸಾಲು ನಾನು ಬರೆದಿಟ್ಟುಕೊಂಡೆ.

ಗದಗಿನವ
ಕುಂಬಳೆಯವರೇ, ಕೇರಳದ್ದು ಬೇರೆ. ಅಲ್ಲಿ ಪಂಚಾಯಿತಿ ನಿಂತಿದೆ, ತರಬೇತಿ ಇದೆ, ಕೇಳುವವರಿದ್ದಾರೆ. ನಮ್ಮಲ್ಲಿ ಏನಿದೆ? ಅವ್ವನ ಕಡೆಯ ಹದಿನೈದು ದಿನ ಒಂದು ಏಜೆನ್ಸಿಯಿಂದ ಹುಡುಗನನ್ನು ತರಿಸಿದೆವು. ದಿನಕ್ಕೆ ಇಷ್ಟು ಅಂತ ದುಡ್ಡು ಕೊಟ್ಟೆವು. ರಾತ್ರಿ ಪೂರ್ತಿ ಮೊಬೈಲಿನಲ್ಲಿ ವಿಡಿಯೊ ನೋಡುತ್ತಿದ್ದ. ಅವ್ವ "ಸದ್ದು ಕಡಿಮಿ ಮಾಡೋ ತಮ್ಮಾ" ಅಂದರೆ ಕಿವಿಗೆ ವೈರ್ ಹಾಕಿಕೊಂಡ. ಅವ್ವ ಕರೆದದ್ದು ಆಮೇಲೆ ಕೇಳಿಸಲೇ ಇಲ್ಲ. ಅದನ್ನು ನಾನು ಇವತ್ತಿಗೂ ಮರೆತಿಲ್ಲ. ಹೊರಗಿನವರು ಅಂದರೆ ನನಗೆ ಆ ಹುಡುಗನೇ ನೆನಪಾಗುತ್ತಾನೆ.

ಕರಾವಳಿ ನರ್ಸ್ ಅಕ್ಕ
ಗದಗಿನ ಅಣ್ಣಾ, ಅದು ನಡೆಯಬಾರದಿತ್ತು. ಆದರೆ ಆ ಹುಡುಗನಿಗೆ ಮೈ ಒರೆಸಲು, ಡೈಪರ್ ಬದಲಿಸಲು ಹೇಳಿಕೊಟ್ಟಿರುತ್ತಾರೆ. ಸಾಯುವವರ ಹತ್ತಿರ ಹೇಗಿರಬೇಕು ಅಂತ ಯಾರೂ ಹೇಳಿಕೊಟ್ಟಿರುವುದಿಲ್ಲ. ಇಪ್ಪತ್ತು ವರ್ಷದ ಹುಡುಗನಿಗೆ ಭಯ ಇರುತ್ತದೆ. ಮೊಬೈಲಿನೊಳಗೆ ಹೋಗಿ ಕೂರುತ್ತಾನೆ. ಹೋಮ್ ನರ್ಸ್ ಮಾಡುವ ಕೆಲಸ ಒಂದು, ಜೊತೆ ಕೂರುವ ಕೆಲಸ ಇನ್ನೊಂದು. ಎರಡನ್ನೂ ಒಬ್ಬರೇ ಮಾಡುವುದುಂಟು, ಆದರೆ ತಾನಾಗಿಯೇ ಬರುವುದಿಲ್ಲ.

ಡಲ್ಲಾಸ್ ಕನ್ನಡಿಗ
ಇಲ್ಲಿ ಅಮೆರಿಕದಲ್ಲಿ ಇಂಥವರಿಗೆ ಡೆತ್ ಡೂಲಾ ಅನ್ನುತ್ತಾರೆ. ಹೆರಿಗೆಯಲ್ಲಿ ಜೊತೆಗಿರುವವರನ್ನು ಡೂಲಾ ಅನ್ನುತ್ತಿದ್ದರು. ಸಾವಿನ ಹೊತ್ತಿಗೂ ಅದೇ ಹೆಸರು ಬಂತು. ದುಡ್ಡು ತಗೊಂಡು ಮಾಡುವವರಿದ್ದಾರೆ. ಮಾತು ಕೇಳುವುದು, ಯಾರನ್ನು ನೋಡಬೇಕು ಅಂತ ಪಟ್ಟಿ ಮಾಡುವುದು, ಮಕ್ಕಳಿಗೆ ಪತ್ರ ಬರೆಸುವುದು, ಕೊನೆಗೆ ಜೊತೆಗಿರುವುದು.

ದುಡ್ಡಿಲ್ಲದೆ ಮಾಡುವವರೂ ಬಹಳ. ಸರ್ಕಾರದ ಮೆಡಿಕೇರ್ ವಿಮೆಯ ದುಡ್ಡು ಪಡೆಯುವ, ಸಾಯುವ ಹಂತದವರನ್ನು ನೋಡಿಕೊಳ್ಳುವ ಹಾಸ್ಪೈಸ್‌ಗೆ ಒಂದು ನಿಯಮ ಇದೆ. ಸಂಬಳದ ಸಿಬ್ಬಂದಿ ಆರೈಕೆಗೆ ಕೊಡುವ ಗಂಟೆಗಳ ಕನಿಷ್ಠ ಶೇ. 5ರಷ್ಟು ಸ್ವಯಂಸೇವಕರಿಂದ ಬರಬೇಕು. ಕಾನೂನಿನಲ್ಲೇ ಬರೆದಿದೆ.

ಇನ್ನೊಂದು. ಆರೆಗಾನ್ ರಾಜ್ಯದ ಯೂಜೀನ್ ಊರಿನ ಆಸ್ಪತ್ರೆಯಲ್ಲಿ ಸಾಂಡ್ರಾ ಕ್ಲಾರ್ಕ್ ಎಂಬ ನರ್ಸ್ ಇದ್ದರು. ಒಬ್ಬ ಮುದುಕ "ನನ್ನ ಹತ್ತಿರ ಕೂರುತ್ತೀರಾ?" ಎಂದು ಕೇಳಿದ. ಉಳಿದ ರೋಗಿಗಳನ್ನು ನೋಡಿ ಬರುತ್ತೇನೆ ಎಂದು ಅವರು ಹೋದರು. ಬರುವಷ್ಟರಲ್ಲಿ ಅವನು ತೀರಿಕೊಂಡಿದ್ದ. ಆ ಸಂಕಟದಿಂದಲೇ 2001ರಲ್ಲಿ ಒಂದು ಕಾರ್ಯಕ್ರಮ ಶುರು ಮಾಡಿದರು. ಯಾರೂ ಒಂಟಿಯಾಗಿ ಸಾಯಬಾರದು ಅನ್ನುವುದೇ ಅದರ ಹೆಸರು. ಆಸ್ಪತ್ರೆಯ ಅಡುಗೆಯವರು, ಕಚೇರಿಯವರು ಎಲ್ಲ ಸರದಿ ಹಾಕಿಕೊಂಡು ಕೂರುತ್ತಾರೆ. ಈಗ ಬೇರೆ ಎಷ್ಟೋ ಆಸ್ಪತ್ರೆಗಳಲ್ಲಿ ಇದೆ.

ತುಮಕೂರು ತಿಮ್ಮಕ್ಕನ ಮೊಮ್ಮಗ
ಹುಟ್ಟುವ ಕಡೆಗೆ ನಮ್ಮಲ್ಲಿ ಸೂಲಗಿತ್ತಿ ಅನ್ನುವ ಹೆಸರಿದೆ. ನಮ್ಮ ಪಾವಗಡದ ನರಸಮ್ಮನವರಿಗೆ 2018ರಲ್ಲಿ ಪದ್ಮಶ್ರೀ ಬಂತು. ಸಾಯುವ ಕಡೆಗೆ ನಮ್ಮಲ್ಲಿ ಹೆಸರೇ ಇಲ್ಲ ನೋಡಿ.

ಪಕ್ಕದಮನೆ ಪದ್ಮಾ
ಹೆಸರಿಲ್ಲದಿದ್ದರೂ ಕೆಲಸ ಇತ್ತು. ನಮ್ಮಜ್ಜಿ ಹಳ್ಳಿಯಲ್ಲಿ ಅದನ್ನೇ ಮಾಡುತ್ತಿದ್ದರು. ಯಾರಿಗಾದರೂ ಜೀವ ಎಳೆಯುತ್ತಿದೆ ಅಂದರೆ ರಾತ್ರಿ ಲಾಟೀನು ಹಿಡಿದು ಕರೆಯಲು ಬರುತ್ತಿದ್ದರು. ಅಜ್ಜಿ ಹೋಗಿ ಮೊದಲು ಕೋಣೆಯಲ್ಲಿ ಅಳುವವರನ್ನು ಹೊರಗೆ ಕಳಿಸುತ್ತಿದ್ದರು. ಕಿಟಕಿ ತೆಗೆಸುತ್ತಿದ್ದರು. ಅಂಗಾಲಿಗೆ ಎಣ್ಣೆ ಹಚ್ಚುತ್ತಿದ್ದರು. ಆಮೇಲೆ ಒಬ್ಬೊಬ್ಬರನ್ನೇ ಒಳಗೆ ಕರೆದು "ಈಗ ಮಾತಾಡು" ಅನ್ನುತ್ತಿದ್ದರು. ಓದು ಬರಹ ಇರಲಿಲ್ಲ. ಊರಿನಲ್ಲಿ ಯಾರೂ ಅವರನ್ನು ಅಪಶಕುನ ಅನ್ನಲಿಲ್ಲ.

ಬೆಳಗಾವಿ ಜಿನದತ್ತ
ಹೆಸರೂ ಇದೆ. ಜೈನರಲ್ಲಿ ಸಲ್ಲೇಖನ, ಅಂದರೆ ಊಟ ಬಿಟ್ಟು ಸಾವಿಗೆ ಸಿದ್ಧರಾಗುವ ವ್ರತ, ಹಿಡಿದವರ ಜೊತೆಗಿರುವ ಮುನಿಗಳಿಗೆ ನಿರ್ಯಾಪಕರು ಅನ್ನುತ್ತಾರೆ. ಸೇವೆ ಮಾಡುವುದು, ಧರ್ಮ ಹೇಳುವುದು, ಮನಸ್ಸು ಕಲಕಿದರೆ ಸಮಾಧಾನ ಮಾಡುವುದು ಅವರ ಹೊಣೆ. ಇಷ್ಟಿಷ್ಟು ಜನ ಇಂಥಿಂಥ ಕೆಲಸಕ್ಕೆ ಅಂತ ಹಳೆಯ ಗ್ರಂಥಗಳಲ್ಲೇ ಹಂಚಿದ್ದಾರೆ. ಶ್ರವಣಬೆಳಗೊಳದ ಚಿಕ್ಕಬೆಟ್ಟ ಹತ್ತಿದರೆ ಇಂಥ ಸಾವುಗಳ ಶಾಸನ ಎಷ್ಟೊಂದು ಸಿಗುತ್ತವೆ.

ಗದಗಿನವ
ಅದು ವ್ರತ. ಇಲ್ಲಿ ಕಾಯಿಲೆ. ಎರಡನ್ನೂ ಒಂದೇ ತಕ್ಕಡಿಗೆ ಹಾಕಬಾರದು.

ಬೆಳಗಾವಿ ಜಿನದತ್ತ
ಒಪ್ಪಿದೆ, ಎರಡೂ ಒಂದೇ ಅಲ್ಲ. ನಾನು ಹೇಳಿದ್ದು ಜೊತೆಗಿರುವವರ ಬಗ್ಗೆ ಮಾತ್ರ. ಹೊರಗಿನವರು ಬಂದು ಕೂರುವುದು ನಮ್ಮ ನೆಲಕ್ಕೆ ಹೊಸದಲ್ಲ ಅನ್ನುವುದಕ್ಕೆ.

ನೂರ್ ಭದ್ರಾವತಿ
ನಮ್ಮಲ್ಲೂ ಹಾಗೆಯೇ. ಮೊಹಲ್ಲಾದ ಒಬ್ಬ ಖಾಲಾ (ಚಿಕ್ಕಮ್ಮನ ಹಾಗೆ) ಬಂದು ಕುರಾನಿನ ಯಾಸೀನ್ ಅಧ್ಯಾಯ ಓದುತ್ತಾರೆ. ಬಾಯಿಗೆ ಹನಿ ನೀರು ಹಾಕುತ್ತಾರೆ. ಕಲಿಮಾ, ಅಂದರೆ ನಮ್ಮ ನಂಬಿಕೆಯ ಮಾತು, ಹೇಳುವಾಗಲೂ ಒಂದು ಕ್ರಮ ಇದೆ. "ನೀನೂ ಹೇಳು" ಅಂತ ಒತ್ತಾಯ ಮಾಡಬಾರದು. ಪಕ್ಕದಲ್ಲಿ ಕೂತು ಮೆಲ್ಲಗೆ ತಾವೇ ಹೇಳಬೇಕು. ಕೇಳಿಸಿಕೊಂಡವರು ಹೇಳಿದರೆ ಹೇಳಲಿ. ನನ್ನ ಅಬ್ಬಾ ಹೋಗುವಾಗ ಆ ಖಾಲಾ ಕೂತಿದ್ದ ರೀತಿ ನೋಡಿ ನಾನು ಕಲಿತೆ. ಮನೆಯವರಿಗೆ ಅಷ್ಟು ತಾಳ್ಮೆ ಇರುವುದಿಲ್ಲ. ನಾವು ನಮ್ಮ ದುಃಖದಲ್ಲಿ ಅವರನ್ನು ಅಲುಗಾಡಿಸುತ್ತೇವೆ.

ಸಾಗರದ ಮಗಳು
ಇಷ್ಟು ಜನ ಬರೆದಿದ್ದೀರಿ. ನಿನ್ನೆ ರಾತ್ರಿ ಮೇಷ್ಟ್ರು ಬಂದರು. ಅಪ್ಪ ಮೊದಲು ಗೋಡೆ ಕಡೆ ತಿರುಗಿದರು. ಮೇಷ್ಟ್ರು ಏನೂ ಕೇಳಲಿಲ್ಲ. ಅರ್ಧ ಗಂಟೆ ಆದಮೇಲೆ "ಈ ಸಲ ಅಡಿಕೆಗೆ ಕೊಳೆ ರೋಗ ಜಾಸ್ತಿಯಂತೆ, ನಿಮ್ಮ ತೋಟಕ್ಕೆ ಎಷ್ಟು ಸಲ ಬೋರ್ಡೊ ದ್ರಾವಣ ಹೊಡೆಸಿದಿರಿ?" ಅಂದರು. ಅಪ್ಪ ತಿರುಗಿ "ಎರಡು" ಅಂದರು. ಆಮೇಲೆ ಒಂದು ಗಂಟೆ ಅಡಿಕೆಯದ್ದೇ ಮಾತು. ನಾವು ತಿಂಗಳಿಂದ ಅವರ ಹತ್ತಿರ ಬರೀ ಕಾಯಿಲೆಯ ಮಾತಾಡಿದ್ದೇವೆ ಅಂತ ಆಗ ಗೊತ್ತಾಯಿತು. ನಾನು ಬೆಳಗಿನವರೆಗೂ ಮಲಗಿದೆ.

ಇನ್ನೊಂದು ಪ್ರಶ್ನೆ. ಅಪ್ಪ ಊಟ ಬಿಟ್ಟಿದ್ದಾರೆ. ಎರಡು ಚಮಚ ಗಂಜಿಗೇ ಸಾಕು ಅನ್ನುತ್ತಾರೆ. ಡ್ರಿಪ್ ಹಾಕಿಸಿ ಅಂತ ಎಲ್ಲರೂ ಹೇಳುತ್ತಿದ್ದಾರೆ.

ಶಿರಸಿಯ ಸುಬ್ರಾಯ
ಹೇಗಾದರೂ ಮಾಡಿ ಕುಡಿಸಿ. ಹೊಟ್ಟೆಗಿಲ್ಲದೆ ಶಕ್ತಿ ಎಲ್ಲಿಂದ? ಸ್ವಲ್ಪ ಸ್ವಲ್ಪ ಗಂಗಾಜಲವನ್ನೂ ಬಾಯಿಗೆ ಬಿಡುತ್ತಿರಿ.

ಕರಾವಳಿ ನರ್ಸ್ ಅಕ್ಕ
ಬೇಡ, ದಯವಿಟ್ಟು ಒತ್ತಾಯ ಮಾಡಬೇಡಿ. ಊಟ ಬಿಟ್ಟದ್ದಕ್ಕೆ ಅವರು ಹೋಗುತ್ತಿಲ್ಲ. ಹೋಗುವ ಹೊತ್ತು ಬಂದಿರುವುದರಿಂದ ಊಟ ಬೇಡವಾಗಿದೆ. ದೇಹಕ್ಕೆ ಅದನ್ನು ಅರಗಿಸಲು ಆಗುವುದಿಲ್ಲ. ನುಂಗಲು ಆಗದವರಿಗೆ ಚಮಚದಲ್ಲಿ ಬಿಟ್ಟರೆ ಶ್ವಾಸಕೋಶಕ್ಕೆ ಇಳಿಯುತ್ತದೆ. ಡ್ರಿಪ್ ಹಾಕಿದರೂ ಈ ಹಂತದಲ್ಲಿ ಕೈಕಾಲು ಊದಬಹುದು, ಎದೆಯಲ್ಲಿ ನೀರು ಸೇರಬಹುದು. ನಿಮ್ಮ ನರ್ಸ್ ಅಥವಾ ಡಾಕ್ಟರನ್ನು ಕೇಳಿಯೇ ನಿರ್ಧರಿಸಿ, ನೆಂಟರನ್ನು ಕೇಳಿ ಅಲ್ಲ.

ಬಾಯಿ ಒಣಗದ ಹಾಗೆ ನೋಡಿಕೊಳ್ಳಿ. ಹತ್ತಿಯನ್ನು ನೀರಿನಲ್ಲಿ ಅದ್ದಿ, ಹಿಂಡಿ, ತುಟಿ ಮತ್ತು ನಾಲಿಗೆ ಒರೆಸಿ. ತುಟಿಗೆ ಸ್ವಲ್ಪ ತುಪ್ಪ. ಇದನ್ನು ಮೇಷ್ಟ್ರಿಗೂ ಹೇಳಿಕೊಡಬಹುದು. ಸುಬ್ರಾಯಣ್ಣಾ, ಗಂಗಾಜಲ ಬೇಡ ಅನ್ನುತ್ತಿಲ್ಲ. ತುಳಸಿ ಎಲೆ ಅದ್ದಿ ತುಟಿಗೆ ಮುಟ್ಟಿಸಿದರೆ ಸಾಕಲ್ವಾ?

ಶಿರಸಿಯ ಸುಬ್ರಾಯ
ಸಾಕು. ನನಗೆ ಶ್ವಾಸಕೋಶದ ವಿಷಯ ಗೊತ್ತಿರಲಿಲ್ಲ. ನಮ್ಮ ಅತ್ತೆಗೆ ನಾವು ಲೋಟದಲ್ಲೇ ಹಾಕಿದ್ದೆವು.

ಕರಾವಳಿ ನರ್ಸ್ ಅಕ್ಕ
ಪ್ರೀತಿಯಿಂದ ಮಾಡಿದ್ದೀರಿ ಅಣ್ಣಾ. ಅದನ್ನು ಮನಸ್ಸಿಗೆ ಹಚ್ಚಿಕೊಳ್ಳಬೇಡಿ.

ಬೆಂಗಳೂರು ಬಸವಣ್ಣೆಪ್ಪ
ಮನೆಯಲ್ಲಿ ಆಗುವುದೇ ಇಲ್ಲ ಅನ್ನುವವರಿಗೆ ಹೇಳುತ್ತೇನೆ. ಬೆಂಗಳೂರಿನಲ್ಲಿ ಕರುಣಾಶ್ರಯ ಇದೆ. ಗುಣವಾಗದ ಹಂತಕ್ಕೆ ಬಂದ ಕ್ಯಾನ್ಸರ್ ರೋಗಿಗಳಿಗೆ. 1999ರಿಂದ ನಡೆಯುತ್ತಿದೆ, ದುಡ್ಡು ತಗೊಳ್ಳುವುದಿಲ್ಲ. ನನ್ನ ಚಿಕ್ಕಮ್ಮ ಅಲ್ಲೇ ಹೋದರು. ಅಂಗಳದಲ್ಲಿ ನೀರು, ಮೀನು, ಮರ. ಚಿಕ್ಕಮ್ಮ ಮಂಚವನ್ನು ನೀರಿನ ಕಡೆ ತಿರುಗಿಸಿ ಅಂತ ಕೇಳಿದ್ದರು.

ಮೈಸೂರು ಮಾಲತಿ
ಇಂಥ ಆರೈಕೆಯ ಮೂಲವೇ ಜೊತೆ ಕೂತದ್ದು. ಲಂಡನ್ನಿನಲ್ಲಿ 1967ರಲ್ಲಿ ಸೇಂಟ್ ಕ್ರಿಸ್ಟೋಫರ್ಸ್ ಹಾಸ್ಪೈಸ್ ಶುರು ಮಾಡಿದ ಸಿಸಿಲಿ ಸಾಂಡರ್ಸ್ ಮೊದಲು ನರ್ಸ್ ಆಗಿದ್ದರು. ಬೆನ್ನು ನೋವಿನಿಂದ ಅದನ್ನು ಬಿಟ್ಟು ಆಸ್ಪತ್ರೆಯಲ್ಲಿ ಸಮಾಜ ಸೇವಕಿಯಾದರು. ಆಗ ಡೇವಿಡ್ ಟಾಸ್ಮಾ ಎಂಬ ಪೋಲೆಂಡಿನ ಯಹೂದಿ ಕ್ಯಾನ್ಸರಿನಿಂದ ಸಾಯುತ್ತಿದ್ದ. ಲಂಡನ್ನಿನಲ್ಲಿ ಅವನವರು ಅನ್ನುವವರು ಯಾರೂ ಇರಲಿಲ್ಲ. ಸಾಂಡರ್ಸ್ ಹೋಗಿ ಕೂರುತ್ತಿದ್ದರು, ಮಾತಾಡುತ್ತಿದ್ದರು. 1948ರಲ್ಲಿ ಅವನು ತೀರಿಕೊಂಡ. ನೀವು ಮುಂದೆ ಕಟ್ಟುವ ಮನೆಗೆ ನಾನೊಂದು ಕಿಟಕಿಯಾಗುತ್ತೇನೆ ಎಂದು 500 ಪೌಂಡ್ ಬಿಟ್ಟು ಹೋದ. ಸಾಂಡರ್ಸ್ ಡಾಕ್ಟರಾದದ್ದು ಅದಾದ ಮೇಲೆ. ಹಾಸ್ಪೈಸ್ ಬಂದದ್ದು 19 ವರ್ಷದ ಮೇಲೆ.

ಗದಗಿನವ
ಇದು ಗೊತ್ತಿರಲಿಲ್ಲ. ಕಿಟಕಿಯ ಮಾತು ಚೆನ್ನಾಗಿದೆ.

ಸಾಗರದ ಮಗಳು
ಮೂರನೇ ರಾತ್ರಿ ಅಪ್ಪ ಮೇಷ್ಟ್ರ ಹತ್ತಿರ "ನಾನು ಇನ್ನು ಏಳುವುದಿಲ್ಲ ಅಲ್ವಾ?" ಅಂತ ಕೇಳಿದರಂತೆ. ನಮ್ಮನ್ನು ಒಂದು ಸಲವೂ ಕೇಳಿಲ್ಲ. ನಾವು ಅವರಿಗೆ ಪೂರ್ತಿ ಹೇಳಿರಲಿಲ್ಲ. ಮೇಷ್ಟ್ರು ಏನು ಹೇಳಬೇಕಿತ್ತು?

ಶಿರಸಿಯ ಸುಬ್ರಾಯ
ಧೈರ್ಯ ಹೇಳಬೇಕು. ಏನೂ ಆಗುವುದಿಲ್ಲ ಅನ್ನಬೇಕು.

ಹಾಸನದ ಹೇಮಾ
ಸುಳ್ಳು ಹೇಳಬಾರದು. ನಮ್ಮಪ್ಪನಿಗೆ ನಾವು ಕೊನೆಯವರೆಗೆ "ಮುಂದಿನ ವಾರ ಸರಿಹೋಗುತ್ತೆ" ಅಂದೆವು. ಅವರಿಗೆ ಗೊತ್ತಿತ್ತು. ನಮಗಾಗಿ ಅವರು ನಾಟಕ ಮಾಡಬೇಕಾಯಿತು. ಬ್ಯಾಂಕಿನ ಪಾಸ್‌ಬುಕ್ ಎಲ್ಲಿದೆ ಅಂತ ಹೇಳಲು ಸಹ ಅವರಿಗೆ ಅವಕಾಶ ಕೊಡಲಿಲ್ಲ ನಾವು.

ಕುಂಬಳೆಯವ
ಮನೆಯವರನ್ನು ಕೇಳದ್ದನ್ನು ನಮ್ಮನ್ನು ಕೇಳುತ್ತಾರೆ. ಇದು ಬಹಳ ಸಲ ಆಗುತ್ತದೆ. ನಾವು ಅತ್ತುಬಿಡುವುದಿಲ್ಲ ಅನ್ನುವ ನಂಬಿಕೆ ಅವರಿಗೆ. ನಮಗೆ ಹೇಳಿಕೊಟ್ಟದ್ದು ಇಷ್ಟು. ಸುಳ್ಳು ಹೇಳಬೇಡ. ಡಾಕ್ಟರ ಕೆಲಸವನ್ನೂ ಮಾಡಬೇಡ. "ಯಾಕೆ ಹಾಗನ್ನಿಸಿತು?" ಎಂದು ಕೇಳಿ ಸುಮ್ಮನಿರು. ಅವರೇ ಹೇಳುತ್ತಾರೆ. ಆಮೇಲೆ "ಮನೆಯವರಿಗೆ ಹೇಳಲಾ?" ಎಂದು ಅವರನ್ನೇ ಕೇಳು. ಅವರು ಬೇಡ ಅಂದರೆ ಹೇಳಬಾರದು.

ಸಾಗರದ ಮಗಳು
ಮೇಷ್ಟ್ರು ಹಾಗೆಯೇ ಮಾಡಿದ್ದಾರೆ. "ಮಗಳ ಹತ್ತಿರ ನೀವೇ ಕೇಳುತ್ತೀರಾ, ನಾನು ಹೇಳಲಾ?" ಅಂದರಂತೆ. ಅಪ್ಪ "ನೀವೇ ಹೇಳಿ" ಅಂದರಂತೆ. ಬೆಳಿಗ್ಗೆ ಕೋಣೆಗೆ ಹೋದೆ. "ನಿನ್ನ ತಮ್ಮನನ್ನು ಬರಹೇಳು" ಅಂದರು. ಟಿಕೆಟ್ ಮಾಡಿಸಿದ್ದೇವೆ.

ತುಮಕೂರು ತಿಮ್ಮಕ್ಕನ ಮೊಮ್ಮಗ
ಒಂದು ವಿಷಯ ಕೇಳಿಡಿ. ಐಸಿಯುಗೆ ಹಾಕಬೇಡಿ, ವೆಂಟಿಲೇಟರ್ ಬೇಡ ಅಂತ ಅಪ್ಪನಿಗೆ ಇದ್ದರೆ ಬರೆದಿಡಬಹುದು. 2018ರ ಮಾರ್ಚಿನಲ್ಲಿ ಸುಪ್ರೀಂ ಕೋರ್ಟ್ ಒಪ್ಪಿದೆ. ಕ್ರಮ ಕಷ್ಟವಿತ್ತು, 2023ರಲ್ಲಿ ಸುಲಭ ಮಾಡಿದರು. ಇಬ್ಬರು ಸಾಕ್ಷಿ, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯ ಮುಂದೆ ಸಹಿ. ನಮ್ಮ ಕರ್ನಾಟಕ ಸರ್ಕಾರವೂ 2025ರ ಜನವರಿಯಲ್ಲಿ ಇದಕ್ಕೆ ಆದೇಶ ಹೊರಡಿಸಿದೆ.

ಹಾಸನದ ಹೇಮಾ
ಅಪ್ಪನಿಗೆ ಏನು ಕೇಳಿಸುತ್ತಿದ್ದೀರಿ? ಹಾಡು, ರೇಡಿಯೊ ಏನಾದರೂ?

ಸಾಗರದ ಮಗಳು
ತಾಳಮದ್ದಳೆ, ವೇಷ ಕುಣಿತ ಇಲ್ಲದೆ ಕೂತು ಮಾಡುವ ಯಕ್ಷಗಾನ. ಬೇರೆ ಏನೂ ಬೇಡ ಅವರಿಗೆ.

ಕುಂಬಳೆಯವ
ಯಾವ ಶೈಲಿಯದ್ದು, ತೆಂಕೋ ಬಡಗೋ?

ಶಿರಸಿಯ ಸುಬ್ರಾಯ
ಸಾಗರದವರಿಗೆ ತೆಂಕು ಕೇಳಿಸುತ್ತಾರಾ ಯಾರಾದರೂ? ಬಡಗೇ.

ಕುಂಬಳೆಯವ
ಯಕ್ಷಗಾನಕ್ಕೆ ಕವಿ ಪಾರ್ತಿಸುಬ್ಬನನ್ನು ಕೊಟ್ಟ ಊರು ನಮ್ಮದು ಸ್ವಾಮೀ. ಒಂದು ಸಲ ತೆಂಕಿನ ಚೆಂಡೆ ಕೇಳಿಸಿ ನೋಡಲಿ.

ಕರಾವಳಿ ನರ್ಸ್ ಅಕ್ಕ
ಚೆಂಡೆ ಬೇಡ ಮಾರಾಯ್ರೇ, ಸದ್ದು ಕಡಿಮೆ ಇರಲಿ. ಅರ್ಥ ಹೇಳುವ, ಅಂದರೆ ಬರೀ ಮಾತಿನ, ಭಾಗ ಸಾಕು. ಅಪ್ಪನ ಮಾತು ನಿಂತ ಮೇಲೂ ಕೇಳಿಸುತ್ತಿರಿ. 2020ರಲ್ಲಿ ಕೆನಡಾದ ವ್ಯಾಂಕೂವರಿನಲ್ಲಿ ಹಾಸ್ಪೈಸ್ ರೋಗಿಗಳ ಮಿದುಳಿನ ಅಲೆ ಅಳೆದು ನೋಡಿದರು. ಸಾವಿಗೆ ಕೆಲವೇ ಗಂಟೆ ಮುಂಚೆ, ಏನೂ ಪ್ರತಿಕ್ರಿಯೆ ಇಲ್ಲದವರಲ್ಲೂ ಕೆಲವರ ಮಿದುಳು ಶಬ್ದಕ್ಕೆ ಸ್ಪಂದಿಸುತ್ತಿತ್ತು. ಅರ್ಥವಾಗುತ್ತದೆಯಾ ಅನ್ನುವುದು ಬೇರೆ ಮಾತು. ಆದರೂ ಅವರ ಮುಂದೆ ಆಸ್ತಿ, ಖರ್ಚು, ಸೂತಕ ಅಂತೆಲ್ಲ ಮಾತಾಡಬೇಡಿ.

ಇನ್ನು ಕೆಲವು ಹೇಳಿಬಿಡುತ್ತೇನೆ, ರಾತ್ರಿ ಹೆದರಬಾರದಲ್ವಾ. ಕೈಕಾಲು ತಣ್ಣಗಾಗುತ್ತದೆ. ಉಸಿರು ನಿಂತು ನಿಂತು ಬರುತ್ತದೆ. ಗಂಟಲಲ್ಲಿ ಗೊರಗೊರ ಸದ್ದು ಬರಬಹುದು. ಕೇಳುವ ನಮಗೆ ಸಂಕಟ, ಅವರಿಗೆ ಸಾಮಾನ್ಯವಾಗಿ ಅಷ್ಟಿರುವುದಿಲ್ಲ. ಮೆಲ್ಲಗೆ ಪಕ್ಕಕ್ಕೆ ಮಲಗಿಸಿ, ನರ್ಸ್‌ಗೆ ಫೋನ್ ಮಾಡಿ.

ಸಾಗರದ ಮಗಳು
ಹನ್ನೆರಡು ದಿನ ಬರೆಯಲು ಆಗಲಿಲ್ಲ. ಕ್ಷಮಿಸಿ. ಅಪ್ಪ ಹೋದ ಗುರುವಾರ ಬೆಳಗಿನ ಜಾವ ಹೋದರು.

ತಮ್ಮ ಮೂರು ದಿನ ಮೊದಲು ಬಂದಿದ್ದ. ಬುಧವಾರ ರಾತ್ರಿ ನಾವೆಲ್ಲ ಸುಸ್ತಾಗಿದ್ದೆವು. ಮೇಷ್ಟ್ರು ಕೂತಿದ್ದರು. ನಾಲ್ಕೂಕಾಲಿಗೆ ಬಂದು ನನ್ನ ಬಾಗಿಲು ತಟ್ಟಿದರು. "ಉಸಿರು ಬೇರೆ ಆಗಿದೆ, ಅಮ್ಮನನ್ನೂ ತಮ್ಮನನ್ನೂ ಎಬ್ಬಿಸಿ" ಎಂದರು. ನಾವು ಒಳಗೆ ಹೋದ ಕೂಡಲೇ ಮೇಷ್ಟ್ರು ತಾವು ಕೂತಿದ್ದ ಕುರ್ಚಿಯನ್ನು ಅಮ್ಮನಿಗೆ ಬಿಟ್ಟು ಜಗಲಿಗೆ ಹೋಗಿ ಕೂತರು. ಮತ್ತೆ ಒಳಗೆ ಬರಲಿಲ್ಲ. ಅಮ್ಮ ಕೈ ಹಿಡಿದಿದ್ದರು. ನಾನು ಹತ್ತಿಯಲ್ಲಿ ತುಟಿ ಒರೆಸಿದೆ. ಐದು ಗಂಟೆಯ ಹೊತ್ತಿಗೆ ಮುಗಿಯಿತು. ಮಳೆ ಬರುತ್ತಿತ್ತು.

ಹೊರಗೆ ಬಂದಾಗ ಮೇಷ್ಟ್ರು ಎದ್ದು ನಿಂತರು. ಏನೂ ಹೇಳಲಿಲ್ಲ. ಒಲೆ ಹಚ್ಚಿ ಎಲ್ಲರಿಗೂ ಕುಡಿಯಲು ಆಸರಿಗೆ ಮಾಡಿದ್ದು ಅವರೇ.

ಗದಗಿನವ
ಅಕ್ಕಾ, ಅಪ್ಪನ ಆತ್ಮಕ್ಕೆ ಶಾಂತಿ ಸಿಗಲಿ. ನಾನು ಮೊದಲು ಬರೆದದ್ದನ್ನು ಮತ್ತೆ ಓದಿದೆ. ಕಡೆಯ ಗಳಿಗೆಯಲ್ಲಿ ನಮ್ಮವ್ವನ ಹತ್ತಿರ ನಾನು ಇರಲಿಲ್ಲ. ನಿದ್ದೆ ಹೋಗಿದ್ದೆ. ಎಬ್ಬಿಸುವವರು ಒಬ್ಬರು ಇದ್ದಿದ್ದರೆ ಅನ್ನಿಸಿತು.

ನೂರ್ ಭದ್ರಾವತಿ
ಅಣ್ಣಾ, ಮೂರು ತಿಂಗಳು ಇದ್ದಿರಲ್ಲ.

ಪಕ್ಕದಮನೆ ಪದ್ಮಾ
ಮೇಷ್ಟ್ರು ಹೇಗಿದ್ದಾರೆ? ಅವರನ್ನೂ ಯಾರಾದರೂ ವಿಚಾರಿಸಬೇಕು. ನಮ್ಮಜ್ಜಿ ಹೀಗೆ ಹೋಗಿ ಬಂದ ಮೇಲೆ ಎರಡು ದಿನ ಯಾರ ಹತ್ತಿರವೂ ಮಾತಾಡುತ್ತಿರಲಿಲ್ಲ.

ಕುಂಬಳೆಯವ
ಪದ್ಮಕ್ಕ ಹೇಳಿದ್ದು ನಿಜ. ನಾವು ತಿಂಗಳಿಗೊಮ್ಮೆ ಸೇರಿ ಹೋದವರ ಬಗ್ಗೆ ಮಾತಾಡುತ್ತೇವೆ. ಅವರೊಬ್ಬರೇ ಅಲ್ವಾ ಅಲ್ಲಿ?

ಸಾಗರದ ಮಗಳು
ನಿನ್ನೆ ತಮ್ಮ ಅವರ ಮನೆಗೆ ಹೋಗಿ ರಾತ್ರಿ ಒಂಬತ್ತರವರೆಗೆ ಕೂತು ಬಂದ. ದೊಡ್ಡಪ್ಪ ಇನ್ನೂ ಅವರ ಹತ್ತಿರ ಮಾತಾಡಿಲ್ಲ. ವೈಕುಂಠ ಸಮಾರಾಧನೆಯ ಊಟಕ್ಕೆ ಮೇಷ್ಟ್ರನ್ನು ಕರೆಯಲೇಬೇಕು ಅಂತ ಅಮ್ಮ ಹೇಳಿದ್ದಾರೆ.

ನರ್ಸ್ ಅಕ್ಕಾ, ಮಾರ್ಫಿನ್ ಮಾತ್ರೆ ಒಂದು ಪಟ್ಟಿ ಪೂರ್ತಿ ಉಳಿದಿದೆ. ಏನು ಮಾಡಲಿ?

ಕರಾವಳಿ ನರ್ಸ್ ಅಕ್ಕ
ಮನೆಯಲ್ಲಿ ಇಡಬೇಡಿ, ಯಾರಿಗೂ ಕೊಡಬೇಡಿ. ಎಲ್ಲಿಂದ ಕೊಟ್ಟರೋ ಅಲ್ಲಿಗೇ ಎಣಿಸಿ ವಾಪಸ್ ಮಾಡಿ, ಬರೆಸಿಕೊಂಡು ಬನ್ನಿ. ಹಾಗೆಯೇ ಗೋಡೆಗೆ ಅಂಟಿಸಿದ ಹಾಳೆಯನ್ನೂ ನಿಮ್ಮ ನರ್ಸ್‌ಗೆ ತೋರಿಸಿ. ಅವರಿಗೆ ಮುಂದಿನ ಮನೆಯಲ್ಲಿ ಬೇಕಾಗುತ್ತದೆ.